ಹಳೆಯ ಕೆಂಪು ಬಸ್ಸಿನ ಕಾಲ ಚೆನ್ನಾಗಿತ್ತೇ ಎಂದು ಕೇಳುವವರಿಗೆ

ನಾನು ಬೆಂಗಳೂರಿನಲ್ಲೇ ಹುಟ್ಟಿ ಬೆಳೆದವನು, ಈಗಲೂ ಬಸ್ಸಿನಲ್ಲೇ ಓಡಾಡುವವನು ಎಂದು ಗೊತ್ತಾದರೆ ಸಾಕು, ಪ್ರಶ್ನೆ ಬಂದೇ ಬರುತ್ತದೆ: “ಬಿಟಿಎಸ್ ಕಾಲವೇ ಚೆನ್ನಾಗಿತ್ತು, ಅಲ್ಲವೇ ಸಾರ್?” ಬಿಟಿಎಸ್ ಎಂದರೆ ಊರಿನ ಹಳೆಯ ಸರ್ಕಾರಿ ಸಿಟಿ ಬಸ್ಸು. ಹತ್ತಾರು ಸಲ ಬಾಯಲ್ಲಿ ಹೇಳಿ ಸಾಕಾಗಿದೆ. ಒಮ್ಮೆ ಬರೆದುಬಿಡುತ್ತೇನೆ.

ನೆನಪಾಗುತ್ತದೆ, ನಿಜ. ಪ್ರೀತಿಯಿಂದಲೇ ನೆನಪಾಗುತ್ತದೆ. ಆದರೆ ನೀವು ಉತ್ತರವನ್ನು ಮೊದಲೇ ತೀರ್ಮಾನಿಸಿಕೊಂಡು ಬಂದು, ನನ್ನಿಂದ ಹೂಂ ಎನ್ನಿಸಿಕೊಂಡು ಹೋಗುವುದು ನನಗೆ ಹಿಡಿಸುವುದಿಲ್ಲ. ಬಣ್ಣ ಕೆಂಪಾಗಿತ್ತು, ಡಬಲ್ ಡೆಕ್ಕರ್ ಇತ್ತು, ಕಂಡಕ್ಟರ್ ಸೀಟಿ ಊದುತ್ತಿದ್ದ: ನಿಮ್ಮ ನೆನಪು ಇಷ್ಟಕ್ಕೇ ಮುಗಿಯುತ್ತದೆ. ಸಂಜೆ ಆರರ ಹೊತ್ತಿಗೆ ಮೆಜೆಸ್ಟಿಕ್ಕಿನಲ್ಲಿ ಕಿಟಕಿಯೊಳಗೆ ಕರವಸ್ತ್ರ ಎಸೆದು ಸೀಟು ಹಿಡಿಯುತ್ತಿದ್ದುದು, ಫುಟ್‌ಬೋರ್ಡಿನಲ್ಲಿ ಒಂದೇ ಕಾಲೂರಿ ನಿಂತವರ ಗುಂಪು, ಮುಂಬಾಗಿಲ ಬಳಿ ಬಿಸಿ ಎಂಜಿನ್ನಿನ ಪಕ್ಕ ಒತ್ತಿಕೊಂಡು ನಿಂತ ಹೆಂಗಸರು, ಇವು ಯಾವುವೂ ನಿಮ್ಮ ಮಾತಿನಲ್ಲಿ ಬರುವುದಿಲ್ಲ. ಅಷ್ಟು ಜನ ನೇತಾಡಿಕೊಂಡು ಹೋಗುತ್ತಿದ್ದರೆಂದರೆ ಬಸ್ಸು ಸಾಲುತ್ತಿರಲಿಲ್ಲ ಎಂದೇ ಅರ್ಥ.

ನನ್ನಲ್ಲಿ ಉಳಿದಿರುವುದು ಬೇರೆ. ಒಂದು ಸಂಜೆ ಅಮ್ಮನ ಜೊತೆ ಮಾರ್ಕೆಟ್ಟಿನಿಂದ ಬಸವನಗುಡಿಗೆ ಬರುತ್ತಿದ್ದೆ. ಕಂಡಕ್ಟರ್ ಬೆರಳಿನ ಸಂದಿಗಳಲ್ಲಿ ನೋಟುಗಳನ್ನು ಉದ್ದಕ್ಕೆ ಮಡಚಿ ಸಿಕ್ಕಿಸಿಕೊಂಡಿದ್ದ. ತೆಳು ಕಾಗದದ ಟಿಕೆಟನ್ನು ಕಟ್ಟಿನಿಂದ ಹರಿದು, ಅದರ ಹಿಂದೆ ಬಾಕಿ ಚಿಲ್ಲರೆ ಬರೆದು, ಇಳಿಯುವಾಗ ತೆಗೆದುಕೊಳ್ಳಿ ಎಂದಿದ್ದ. ಇಳಿಯುವ ಹೊತ್ತಿಗೂ ಚೀಲದಲ್ಲಿ ಚಿಲ್ಲರೆ ಇರಲಿಲ್ಲ. ಅಮ್ಮನಿಗೂ, ನಮ್ಮ ಜೊತೆಯೇ ನ್ಯಾಷನಲ್ ಕಾಲೇಜಿನ ಹತ್ತಿರ ಇಳಿಯಬೇಕಾಗಿದ್ದ ಮತ್ತೊಬ್ಬ ಹೆಂಗಸಿಗೂ ಸೇರಿಸಿ ಹತ್ತು ರೂಪಾಯಿಯ ಒಂದೇ ನೋಟು ಕೊಟ್ಟು, “ಇಬ್ಬರೂ ಹಂಚಿಕೊಳ್ಳಿ ಅಮ್ಮ” ಎಂದು ರೈಟ್ ಹೇಳಿಬಿಟ್ಟ. ಬಸ್ಸು ಹೊರಟುಹೋಯಿತು. ಪರಿಚಯವೇ ಇಲ್ಲದ ಇಬ್ಬರು ಒಂದು ನೋಟು ಹಿಡಿದು ರಸ್ತೆ ಬದಿಯಲ್ಲಿ ನಿಂತರು. ಬೀಡಾ ಅಂಗಡಿಯವನು ಚಿಲ್ಲರೆ ಇಲ್ಲ ಎಂದ. ಕೊನೆಗೆ ಆಕೆಯೇ ಒಂದು ಮೊಳ ಮಲ್ಲಿಗೆ ಕೊಂಡು ನೋಟು ಮುರಿಸಿ, ಅಮ್ಮನ ಪಾಲನ್ನು ಎಣಿಸಿ ಕೊಟ್ಟು, ಹೂವಿನಲ್ಲೂ ಒಂದು ತುಂಡು ಹರಿದುಕೊಟ್ಟರು. ಅಷ್ಟರಲ್ಲಿ ಇಬ್ಬರೂ ಮನೆಯ ವಿಷಯ, ನೀರಿನ ವಿಷಯ, ಮಕ್ಕಳ ಓದಿನ ವಿಷಯ ಎಲ್ಲವನ್ನೂ ಮಾತನಾಡಿ ಮುಗಿಸಿದ್ದರು. ಆಕೆ ಆಸ್ಪತ್ರೆಯೊಂದರಲ್ಲಿ ಆಯಾ ಕೆಲಸದಲ್ಲಿದ್ದರು. ಅಮ್ಮ ಶಾಲೆಯ ಮೇಷ್ಟರ ಹೆಂಡತಿ. ಬಸ್ಸಲ್ಲದೆ ಬೇರೆಲ್ಲೂ ಅವರಿಬ್ಬರು ಹೀಗೆ ಎದುರುಬದುರು ನಿಲ್ಲುತ್ತಿರಲಿಲ್ಲ.

ಬ್ಯಾಂಕಿನ ಅಧಿಕಾರಿ, ಕಾಲೇಜಿನ ಪ್ರಾಧ್ಯಾಪಕರು, ಕಾರ್ಖಾನೆಯ ಕಾರ್ಮಿಕರು, ಸೊಪ್ಪಿನ ಗಂಟು ಹೊತ್ತವರು, ಎಲ್ಲರೂ ಒಂದೇ ಬಸ್ಸಿನಲ್ಲಿ ಇರುತ್ತಿದ್ದರು. ಬಸ್ಸು ತಡವಾದರೆ ಅಧಿಕಾರಿಗೂ ತಡವಾಗುತ್ತಿತ್ತು. ನನಗೆ ಬೇಕಾಗಿರುವುದು ಇದು, ಆ ಕೆಂಪು ಬಣ್ಣವಲ್ಲ.

ಇದು ತಾನಾಗಿ ಆದದ್ದೂ ಅಲ್ಲ. ಬೆಂಗಳೂರಿನ ಬಸ್ಸು 1940ರಲ್ಲಿ ಖಾಸಗಿ ಕಂಪನಿಯಾಗಿ ಶುರುವಾಯಿತು. 1956ರಲ್ಲಿ ಸರ್ಕಾರ ಅದನ್ನು ವಹಿಸಿಕೊಂಡ ಮೇಲೆ ಬಿಟಿಎಸ್ ಎಂಬ ಹೆಸರು ಬಂತು. ನಗರ ಸಾರಿಗೆಯನ್ನು ರಾಜ್ಯದ ಸಾರಿಗೆ ಸಂಸ್ಥೆಯಿಂದ ಬೇರ್ಪಡಿಸಿ ಈಗಿನ ಬಿಎಂಟಿಸಿ ಮಾಡಿದ್ದು 1997ರಲ್ಲಿ. ಊರಿನ ಬಸ್ಸು ಸಾರ್ವಜನಿಕರದ್ದಾಗಿರಬೇಕು ಎಂದು ಯಾರೋ ಒಂದು ಕಾಲದಲ್ಲಿ ಕೂತು ತೀರ್ಮಾನಿಸಿದ್ದರಿಂದ ನಮ್ಮ ಬಡಾವಣೆಗಳಿಗೆ ಬಸ್ಸು ಬಂತು.

ಕಳೆದ ವರ್ಷ ಜಯನಗರದ ಕಲ್ಯಾಣ ಮಂಟಪವೊಂದರಲ್ಲಿ ಇದೇ ಪ್ರಶ್ನೆ ಮತ್ತೆ ಬಂತು. ಕೇಳಿದವರು ನಮ್ಮ ದೂರದ ನೆಂಟರು. ಡಬಲ್ ಡೆಕ್ಕರಿನ ಮೇಲಿನ ಅಂತಸ್ತಿನಲ್ಲಿ ಮುಂದಿನ ಸೀಟಿಗೆ ಓಡುತ್ತಿದ್ದುದು, ಮರದ ಕೊಂಬೆ ಕಿಟಕಿಗೆ ಬಡಿಯುತ್ತಿದ್ದುದು, ಎಲ್ಲವನ್ನೂ ಮನತುಂಬಿ ಹೇಳಿದರು. ಹೇಳುತ್ತಲೇ ಮೊಬೈಲಿನಲ್ಲಿ ಟ್ಯಾಕ್ಸಿ ಹುಡುಕುತ್ತಿದ್ದರು. ಎದುರಿಗೇ ಬಸ್ ನಿಲ್ದಾಣವಿದೆ, ನಿಮ್ಮ ಮನೆಯ ಕಡೆಗೇ ಹೋಗುತ್ತದೆ, ನಾನೂ ಬರುತ್ತೇನೆ ಎಂದೆ. “ಅಯ್ಯೋ, ಈಗಿನ ಬಸ್ಸೇ? ಈಗ ಬಸ್ಸನ್ನು ಯಾರು ಹತ್ತುತ್ತಾರೆ ಮಾರಾಯರೇ” ಎಂದು ನಕ್ಕರು.

ಯಾರು ಹತ್ತುತ್ತಾರೆ? ನಗದೆ, ತಿಳಿದುಕೊಳ್ಳಬೇಕೆಂದು ಅವರು ಇದನ್ನು ಕೇಳಿದ್ದರೆ ನನಗೆ ಎಷ್ಟು ಸಂತೋಷವಾಗುತ್ತಿತ್ತು! ಈ ಪ್ರಶ್ನೆಗಾದರೆ ಕೂತು ಉತ್ತರಿಸಬಲ್ಲೆ.

ದಿನಕ್ಕೆ ಸುಮಾರು 40 ಲಕ್ಷ ಪ್ರಯಾಣ ಈ ಬಸ್ಸುಗಳಲ್ಲೇ ನಡೆಯುತ್ತದೆ. ಬೆಳಗ್ಗೆ ಮೈಸೂರು ರಸ್ತೆಯಲ್ಲೋ ಬೊಮ್ಮನಹಳ್ಳಿಯಲ್ಲೋ ನಿಂತು ನೋಡಿ, ಗಾರ್ಮೆಂಟ್ಸ್ ಹೆಣ್ಣುಮಕ್ಕಳು ಊಟದ ಡಬ್ಬಿ ಹಿಡಿದು ಹತ್ತುತ್ತಾರೆ. ಟಿಕೆಟಿನ ದುಡ್ಡು ಉಳಿಸಲು ಒಂದು ಸ್ಟೇಜ್ ದೂರ ನಡೆದು ಹೋಗಿ ಬಸ್ಸು ಹಿಡಿಯುತ್ತಿದ್ದವರು ಇವರಲ್ಲಿ ಎಷ್ಟೋ ಜನ. 2023ರ ಜೂನ್ 11ರಂದು ಹೆಂಗಸರಿಗೆ ಉಚಿತ ಪ್ರಯಾಣದ ಶಕ್ತಿ ಯೋಜನೆ ಬಂದ ಮೇಲೆ ಆ ನಡಿಗೆ ತಪ್ಪಿತು. ಬಿಟ್ಟಿ ಪ್ರಯಾಣ ಎಂದು ಮೂಗು ಮುರಿಯುವವರೇ ಹಳೆಯ ಬಸ್ಸಿಗಾಗಿ ಕಣ್ಣೀರು ತುಂಬಿಕೊಳ್ಳುವುದನ್ನು ನೋಡಿದಾಗ ನನಗೆ ಸಿಟ್ಟು ಬರುತ್ತದೆ, ಮುಚ್ಚಿಟ್ಟುಕೊಳ್ಳುವುದಿಲ್ಲ.

ಊರಿನ ವಾಹನಗಳ ಸಂಖ್ಯೆ ಒಂದು ಕೋಟಿ ದಾಟಿದೆ. ಬಸ್ಸುಗಳು ಹತ್ತು ಹನ್ನೆರಡು ವರ್ಷಗಳ ಹಿಂದೆ ಆರು ಸಾವಿರದ ಆಸುಪಾಸಿನಲ್ಲಿದ್ದವು. ಊರು ಇಷ್ಟು ಬೆಳೆದ ಮೇಲೂ ಆ ಸಂಖ್ಯೆ ಅದಕ್ಕೆ ತಕ್ಕಂತೆ ಏರಿಲ್ಲ. 2019ರಲ್ಲಿ ಹೊರವರ್ತುಲ ರಸ್ತೆಯಲ್ಲಿ ಸಿಲ್ಕ್ ಬೋರ್ಡಿನಿಂದ ಕೆ.ಆರ್. ಪುರದವರೆಗೆ ಬಸ್ಸಿಗೆಂದೇ ಒಂದು ಪಥ ಬಿಟ್ಟರು. ಕಾರುಗಳು ಅದರೊಳಗೆ ಬರದಂತೆ ಕಂಬ ನೆಟ್ಟರು. 500 ಸರಣಿಯ ಬಸ್ಸುಗಳು ಕಾರಿನ ಸಾಲನ್ನು ಪಕ್ಕಕ್ಕೆ ಬಿಟ್ಟು ಮುಂದೆ ಹೋಗುವುದನ್ನು ನಾನು ಒಳಗೆ ನಿಂತು ನೋಡಿದ್ದೇನೆ. ಬಸ್ಸಿನಲ್ಲಿದ್ದವರ ಮುಖದಲ್ಲಿ ಹೊಸ ಗೆಲುವಿತ್ತು. ಆಮೇಲೆ ಮೆಟ್ರೊ ಕಾಮಗಾರಿ ಬಂತು, ಪಥ ಹೋಯಿತು. ಆ ಪಥ ಎಲ್ಲಿ ಹೋಯಿತು ಎಂದು ಮದುವೆ ಮನೆಯಲ್ಲಿ ನನ್ನನ್ನು ಇದುವರೆಗೆ ಒಬ್ಬರೂ ಕೇಳಿಲ್ಲ.

ನನ್ನ ನೆಂಟರು ಅಂದು ಟ್ಯಾಕ್ಸಿಯಲ್ಲೇ ಹೋದರು, ನಾನು ಬಸ್ಸು ಹತ್ತಿದೆ. ಅವರು ಬಸ್ಸು ಬಿಟ್ಟಿದ್ದಕ್ಕೆ ಕಾರಣಗಳಿವೆ, ನನಗೆ ಗೊತ್ತು. ರಾತ್ರಿ ಒಂಬತ್ತಾದ ಮೇಲೆ ಒಳಗಿನ ಬಡಾವಣೆಗಳಿಗೆ ಬಸ್ಸು ಅಪರೂಪ. ನಿಲ್ದಾಣದಿಂದ ಮನೆಗೆ ನಡೆಯಲು ಫುಟ್‌ಪಾತ್ ನೆಟ್ಟಗಿಲ್ಲ. ಮಂಡಿ ನೋವಿರುವವರಿಗೆ ಮೆಟ್ಟಿಲು ಎತ್ತರ. ಆದರೆ ಇವನ್ನು ಸರಿಮಾಡಿ ಎಂದು ಗಟ್ಟಿಯಾಗಿ ಕೇಳಬಲ್ಲ, ಕೇಳಿದರೆ ಸರ್ಕಾರ ಕಿವಿಗೆ ಹಾಕಿಕೊಳ್ಳುವಂಥ ಜನವೇ ಬಸ್ಸಿನಿಂದ ಇಳಿದುಹೋದರು. ಉಳಿದವರು ತಡವಾದರೆ ಅರ್ಧ ದಿನದ ಸಂಬಳ ಕಳೆದುಕೊಂಡು ಸುಮ್ಮನಾಗುತ್ತಾರೆ.

ಡಬಲ್ ಡೆಕ್ಕರ್ ಮತ್ತೆ ಬರುತ್ತದಂತೆ, ಖುಷಿಯೇ ಎಂದು ಈಗ ಹೊಸದಾಗಿ ಕೇಳುತ್ತಿದ್ದಾರೆ. ಬಂದರೆ ಮೊಮ್ಮಗಳನ್ನು ಕರೆದುಕೊಂಡು ಹತ್ತುತ್ತೇನೆ, ಮೇಲಿನ ಮುಂದಿನ ಸೀಟಿನಲ್ಲೇ ಕೂರಿಸುತ್ತೇನೆ. ಆದರೆ ಆ ಹಣದಲ್ಲಿ ನಮ್ಮ ಬಡಾವಣೆಗೆ ಹತ್ತು ನಿಮಿಷಕ್ಕೊಂದು ಮಾಮೂಲಿ ಬಸ್ಸು, ರಾತ್ರಿ ಹನ್ನೊಂದರವರೆಗೆ, ಮಧ್ಯದಲ್ಲಿ ಟ್ರಿಪ್ ರದ್ದಾಗದೆ ಓಡುವಂತೆ ಕೊಡುತ್ತೇವೆ ಎಂದು ಯಾರಾದರೂ ಹೇಳಿದರೆ, ಎರಡು ಅಂತಸ್ತಿನ ಬಸ್ಸನ್ನು ಈಗಲೇ ಬಿಟ್ಟುಕೊಡುತ್ತೇನೆ.