ಬಾರಿನ ಲೆಕ್ಕಕ್ಕಿಂತ ಮೊದಲು ಸದಸ್ಯರ ರಿಜಿಸ್ಟರ್ ನೋಡಿ

ನಾನು ಉತ್ತರ ಇಂಗ್ಲೆಂಡಿನಲ್ಲಿ ಅಕೌಂಟೆಂಟ್. ಲೆಕ್ಕ ಬರೆಸಲು ನಮ್ಮ ಆಫೀಸಿಗೆ ಬರುವವರಲ್ಲಿ ವರ್ಕಿಂಗ್ ಮೆನ್ಸ್ ಕ್ಲಬ್ಬಿನವರೂ ಇದ್ದಾರೆ. ಕ್ಲಬ್ಬು ಅಂದ ತಕ್ಷಣ ನಮ್ಮೂರಿನ ಇಸ್ಪೀಟು ಕ್ಲಬ್ಬು ನೆನೆಸಿಕೊಳ್ಳಬೇಡಿ. ಇದು ಪಬ್ಬೂ ಅಲ್ಲ, ಕಾರ್ಮಿಕರು ತಮಗಾಗಿ ಕಟ್ಟಿಕೊಂಡ ಕ್ಲಬ್ಬು. ಇಲ್ಲಿ ಸದಸ್ಯರೇ ಮಾಲೀಕರು. ವರ್ಷಕ್ಕೆ ಸಣ್ಣ ಚಂದಾ, ಅವರೇ ಆರಿಸಿದ ಸಮಿತಿ, ಲಾಭ ಬಂದರೆ ಮತ್ತೆ ಕ್ಲಬ್ಬಿಗೇ. ಹಾಗಾಗಿ ಬಿಯರ್ ಅಗ್ಗ. ತಮಾಷೆ ಏನೆಂದರೆ, 1862ರಲ್ಲಿ ಇವುಗಳ ಒಕ್ಕೂಟ ಕಟ್ಟಿದ ಹೆನ್ರಿ ಸಾಲಿ ಎಂಬ ಪಾದ್ರಿಗೆ ಕುಡಿತವೇ ಆಗುತ್ತಿರಲಿಲ್ಲ! ಬಿಯರ್ ಆಮೇಲೆ ಒಳಗೆ ಬಂತು, ಕ್ಲಬ್ಬುಗಳನ್ನು ಸಾಕಿದ್ದೂ ಅದೇ.

1970ರ ದಶಕದಲ್ಲಿ ಒಕ್ಕೂಟದಲ್ಲಿ ಸುಮಾರು 4,000 ಕ್ಲಬ್ಬುಗಳಿದ್ದವು. ಈಗ ಅರ್ಧವೂ ಇಲ್ಲ. ಪಬ್ಬುಗಳ ಕಥೆಯೂ ಹೀಗೇ. 2000ದಲ್ಲಿ ಬ್ರಿಟನ್ನಿನಲ್ಲಿ 60 ಸಾವಿರದಷ್ಟಿದ್ದವು, ಈಗ 45 ಸಾವಿರದ ಆಸುಪಾಸು.

ಯಾಕೆ ಎಂದು ಸಮಿತಿಯವರನ್ನು ಕೇಳಿದರೆ, 2007ರ ಜುಲೈನಲ್ಲಿ ಬಂದ, ಒಳಗೆ ಸಿಗರೇಟು ಸೇದಬಾರದು ಎಂಬ ನಿಷೇಧ ಎನ್ನುತ್ತಾರೆ. ಇಲ್ಲವೇ ಸೂಪರ್‌ಮಾರ್ಕೆಟ್ಟಿನ ಅಗ್ಗದ ಬಿಯರ್. ಎರಡೂ ಸುಳ್ಳಲ್ಲ. ಆದರೆ ಗಣಿ ಊರಿನ ಕ್ಲಬ್ಬಾದರೆ ಹಳೆಯ ರಿಜಿಸ್ಟರ್ ಬಿಚ್ಚಿ ನೋಡಿ. 1984-85ರ ಕಲ್ಲಿದ್ದಲು ಗಣಿ ಕಾರ್ಮಿಕರ ಮುಷ್ಕರ ಮುಗಿದು ಗಣಿಗಳು ಮುಚ್ಚಿದ ಮೇಲೆ ಹೊಸ ಹೆಸರುಗಳೇ ಕಡಿಮೆ. ಮೊದಲೆಲ್ಲ ಗಣಿಗೆ ಸೇರಿದ ಮಗನನ್ನು ಅಪ್ಪನೇ ಕರೆತಂದು ಸದಸ್ಯ ಮಾಡಿಸುತ್ತಿದ್ದ. ಗಣಿಯೇ ಇಲ್ಲ ಎಂದ ಮೇಲೆ ಯಾರು ಯಾರನ್ನು ಕರೆತರಬೇಕು?

ಬಾರಿನ ಲೆಕ್ಕದಲ್ಲಿ ಇದು ಬೇಗ ಕಾಣುವುದಿಲ್ಲ. ಬಿಯರ್ ಬೆಲೆ ಏರುತ್ತಾ ಹೋಗುತ್ತದೆ, ಪೌಂಡಿನಲ್ಲಿ ಮಾರಾಟ ನೆಟ್ಟಗಿದ್ದಂತೆ ತೋರುತ್ತದೆ. ಒಳಗೆ ಪಿಂಟುಗಳು (ಬಿಯರ್ ಅಳೆಯುವ ಅರ್ಧ ಲೀಟರಿಗಿಂತ ತುಸು ದೊಡ್ಡ ಲೋಟ) ಇಳಿಯುತ್ತಿರುತ್ತವೆ. ಅದಕ್ಕೇ ನಾನು ದುಡ್ಡಿನ ಮಾತು ಆಮೇಲೆ ಎತ್ತುತ್ತೇನೆ. ಎಷ್ಟು ಪಿಂಟ್ ಹೋಯಿತು, ಸದಸ್ಯರ ವಯಸ್ಸೆಷ್ಟು, ಈ ವರ್ಷ ಹೊಸದಾಗಿ ಯಾರು ಸೇರಿದರು ಎಂಬುದೇ ಮೊದಲ ಪ್ರಶ್ನೆ.

ಬಾಗಿಲು ಬಿಗಿ ಮಾಡಿಕೊಂಡಿದ್ದೂ ಇವರೇ ಅನ್ನಿ. ಹೆಂಗಸರಿಗೆ ಒಕ್ಕೂಟದಲ್ಲಿ ಪೂರ್ತಿ ಹಕ್ಕು ಸಿಕ್ಕಿದ್ದು 2007ರಲ್ಲಿ. ಪ್ರೆಸ್ಟನ್ನಿನ ಒಂದು ಕ್ಲಬ್ಬು ಬೇರೆ ಕ್ಲಬ್ಬಿನ ಸದಸ್ಯನೊಬ್ಬನನ್ನು ಮೈಬಣ್ಣ ನೋಡಿ ಹೊರಗೆ ಕಳಿಸಿತ್ತು. ಕೇಸು ಹೋದಾಗ, ಆಗ ಇಲ್ಲಿನ ಅತಿ ದೊಡ್ಡ ಕೋರ್ಟಾಗಿದ್ದ ಹೌಸ್ ಆಫ್ ಲಾರ್ಡ್ಸ್ 1974ರಲ್ಲಿ ಕ್ಲಬ್ಬಿನ ಪರವಾಗಿಯೇ ತೀರ್ಪು ಕೊಟ್ಟಿತು. ಅದನ್ನು ತಡೆಯಲು 1976ರಲ್ಲಿ ಹೊಸ ಕಾನೂನೇ ಬರಬೇಕಾಯಿತು. ಈಗ ಅಂಥ ಹಾಲ್‌ಗಳನ್ನೇ ನಮ್ಮವರು ದೀಪಾವಳಿಗೆ, ಮಕ್ಕಳ ಹುಟ್ಟುಹಬ್ಬಕ್ಕೆ ಬಾಡಿಗೆ ಹಿಡಿಯುತ್ತಾರೆ. ಕರೆಂಟ್ ಬಿಲ್ ಕಟ್ಟಲು ಆ ಬಾಡಿಗೆಯೇ ಆಸರೆಯಾದ ಕ್ಲಬ್ಬುಗಳಿವೆ.

ಕೈ ಖಾಲಿಯಾದಾಗ ಸಮಿತಿಗೆ ಮೊದಲು ನೆನಪಾಗುವುದು ಬ್ರೂವರಿ, ಅಂದರೆ ಬಿಯರ್ ತಯಾರಿಸುವ ಕಂಪನಿ, ಕೊಡುವ ಸಾಲ. ಬಡ್ಡಿ ಕಡಿಮೆ ಕಾಣುತ್ತದೆ. ಆದರೆ ವರ್ಷಕ್ಕೆ ಇಷ್ಟು ಬ್ಯಾರೆಲ್ ಅವರಿಂದಲೇ ಕೊಳ್ಳಬೇಕು ಎಂಬ ಷರತ್ತು ಇರುತ್ತದೆ. ಕುಡಿಯುವವರೇ ಕಡಿಮೆಯಾಗುತ್ತಿರುವಾಗ ಬ್ಯಾರೆಲ್ ಲೆಕ್ಕ ಒಪ್ಪಿಕೊಂಡರೆ ಸಾಲಕ್ಕೆ ಅಡವಿಟ್ಟ ಕಟ್ಟಡವೇ ಕೈತಪ್ಪಿ ಹೋಗಬಹುದು. ಮೊದಲು ಹಗಲು ಹೊತ್ತಿನಲ್ಲಿ ಸುಮ್ನೆ ಬೀಗ ಹಾಕಿರುವ ಹಾಲ್ ಬಾಡಿಗೆಗೆ ಕೊಡಿ, ಸಾಲದ ಕಾಗದ ಆಮೇಲೆ ನೋಡೋಣ ಎನ್ನುತ್ತೇನೆ. ಕೆಲವರು ಕೇಳುತ್ತಾರೆ. ಜಾಸ್ತಿ ಜನ ಕೇಳುವುದಿಲ್ಲ, ಎಲ್ಲರೂ ನನಗಿಂತ ಹಿರಿಯರು ಅಲ್ವಾ.