ಚಿಂಚೋಳಿಗೆ ಬಿದಿರು ನೋಡಲು ಹೋಗುವವರಿಗೆ

ಕಾಕಾನ ಹೊಲ ಮುಲ್ಲಾಮಾರಿ ಹೊಳೆಯ ದಂಡೆಗೇ ಇದೆ. ಹೊಳೆ ತುಂಬಿ ಬಂದಾಗಲೆಲ್ಲ ದಂಡೆಯ ಕರಿಮಣ್ಣು ದೊಡ್ಡ ದೊಡ್ಡ ಹೆಂಟೆಯಾಗಿ ಕುಸಿದು ನೀರುಪಾಲಾಗುತ್ತದೆ. "ಬಿದಿರು ಹಚ್ಚಬೇಕಂತ ಎಲ್ಲಾರೂ ಹೇಳ್ತಾರ, ಯಾವ ಬಿದಿರು ಅಂತ ಯಾರೂ ಹೇಳವಲ್ರು" ಎಂದು ಆತ ಗೊಣಗುತ್ತಲೇ ಇದ್ದ. ಗಣೇಶ ಹಬ್ಬ ಮುಗಿದ ಮೇಲೆ ಇಬ್ಬರೂ ಚಿಂಚೋಳಿ ಕಾಡಿಗೆ ಹೊರಟೆವು.

ಕಲಬುರಗಿಯಿಂದ ಚಿಂಚೋಳಿಗೆ ಬಸ್ಸಿನ ಚಿಂತೆ ಇಲ್ಲ. ಅಲ್ಲಿಂದ ಮುಂದೆ ಚಂದ್ರಂಪಳ್ಳಿ ಜಲಾಶಯದ ಕಡೆಗೆ ಸ್ವಂತ ಗಾಡಿಯೇ ವಾಸಿ. 2011ರಿಂದ ಈ ಕಾಡು ವನ್ಯಜೀವಿ ಧಾಮ, ವಿಸ್ತೀರ್ಣ ಸುಮಾರು 135 ಚದರ ಕಿ.ಮೀ. ನಾವು ಮೊದಲೇ ವಿಚಾರಿಸದೆ ಹೋದದ್ದರಿಂದ ಅನುಮತಿಗಾಗಿ ಅರ್ಧ ದಿನ ಹಾಳಾಯಿತು. ನೀವು ಹಿಂದಿನ ದಿನವೇ ಅರಣ್ಯ ಇಲಾಖೆಯಲ್ಲಿ ಕೇಳಿಕೊಳ್ಳಿ. ಬುತ್ತಿ ಕಟ್ಟಿಕೊಂಡು ಹೋಗಿ. ರೊಟ್ಟಿ, ಶೇಂಗಾ ಹಿಂಡಿ ಇದ್ದರೆ ಸಾಕು, ನೀರು ಮಾತ್ರ ಹೆಚ್ಚಿಗೆ ಇರಲಿ.

ಗುಡ್ಡದ ಇಳಿಜಾರಿನಲ್ಲಿ ನಮಗೆ ಮೊದಲು ಸಿಕ್ಕಿದ್ದು ಕಿರುಬಿದಿರು. ಒಣ ನೆಲ, ಕಲ್ಲು, ಬಿಸಿಲು ಎಲ್ಲ ತಾಳಿಕೊಳ್ಳುವ ಜಾತಿ ಇದು. ಗಳ ಸಣ್ಣದು, ಒಳಗೆ ಟೊಳ್ಳು ಬಹಳ ಕಡಿಮೆ, ಒಮ್ಮೊಮ್ಮೆ ಪೂರಾ ಗಟ್ಟಿ. ಲಾಠಿ, ಕೊಡಲಿ ಕಾವುಗಳಿಗೆ ಇದೇ ಬೇಕು. ಕುಕ್ಕರಗಾಲಲ್ಲಿ ಕೂತು ಮೆಳೆಯ ಬುಡ ನೋಡಿದೆ. ಆ ಮಳೆಗಾಲದ ಕಳಲೆಗಳು, ಅಂದರೆ ಬಿದಿರಿನ ಎಳೆ ಮೊಳಕೆಗಳು, ಹೊದಿಕೆ ಸುತ್ತಿಕೊಂಡೇ ಆಳೆತ್ತರ ಬೆಳೆದಿದ್ದವು. ಹೊದಿಕೆಯ ಮೇಲೆ ಬಂಗಾರ ಬಣ್ಣದ ಬಿರುಸು ರೋಮ. ಮುಟ್ಟಿದ ಬೆರಳು ಸಂಜೆವರೆಗೂ ತುರಿಸಿತು. ಪಕ್ಕದಲ್ಲಿ ಯಾರೋ ಮೂರು ಕಳಲೆ ಮುರಿದು ಎಸೆದು ಹೋಗಿದ್ದರು. ನೋಡಿ ಹೊಟ್ಟೆಯಲ್ಲಿ ಸಂಕಟವಾಯಿತು. ಬಿದಿರು ಕೆಲವೇ ತಿಂಗಳಲ್ಲಿ ಪೂರ್ತಿ ಎತ್ತರಕ್ಕೆ ಏರಿಬಿಡುತ್ತದೆ. ಕಳಲೆ ಮುರಿದರೆ ಆ ಗಳ ಹೋದಂತೆಯೇ. ಧಾಮದೊಳಗೆ ಒಂದು ಕಡ್ಡಿಯನ್ನೂ ಕೀಳಬೇಡಿ.

ಹೆಬ್ಬಿದಿರನ್ನು ನೋಡಿದ್ದು ಮರಳುವಾಗ, ಹಳ್ಳದ ಪಕ್ಕದ ಒಂದು ಹೊಲದ ಬದುವಿನಲ್ಲಿ. ಕೆಳಗಿನ ಗಿಣ್ಣುಗಳಲ್ಲಿ ಕೊಕ್ಕೆಯಂಥ ಮುಳ್ಳು, ದನ ಮೂತಿ ಹಾಕಲಾರದಷ್ಟು ಒತ್ತು. ತೇವ ಇದ್ದಲ್ಲಿ ಹುಲುಸಾಗಿ ಎದ್ದು, ಬೇರುಗಡ್ಡೆಯಿಂದ ದಂಡೆಯ ಮಣ್ಣನ್ನು ಹೆಣೆದು ಹಿಡಿಯುತ್ತದೆ. ಕಾಕಾ ಅದರ ಬುಡದಲ್ಲೇ ಬಹಳ ಹೊತ್ತು ನಿಂತ.

ಒಂದು ಮಾತು ನೆನಪಿಡಿ. ಬಿದಿರು ಹುಲ್ಲಿನ ಕುಲದ್ದು. ಈ ಎರಡೂ ಜಾತಿ ಕೆಲವು ದಶಕಕ್ಕೊಮ್ಮೆ ಹೂಬಿಟ್ಟು, ಬೀಜ ಉದುರಿಸಿ, ಸಾಯುತ್ತವೆ. ಒಂದೇ ತಾಯಿ ಮೆಳೆಯ ಸಸಿಗಳನ್ನೇ ಉದ್ದಕ್ಕೂ ಹಚ್ಚಿದರೆ ಎಲ್ಲವೂ ಒಟ್ಟಿಗೇ ಹೂಬಿಟ್ಟು ಹೋಗಿಬಿಡಬಹುದು. ಆಮೇಲೆ ಹೊಳೆ ಬಂದರೆ ದಂಡೆ ಹಿಡಿಯುವವರು ಯಾರು? ನೀರಿಗೆ ಹತ್ತಿರ ಹೆಬ್ಬಿದಿರು, ಮೇಲಿನ ಒಣ ಬದುವಿಗೆ ಕಿರುಬಿದಿರು ಹಾಕಿ. ಸಸಿಗಳನ್ನು ಎರಡು-ಮೂರು ಕಡೆಯಿಂದ ತನ್ನಿ. 2017ರ ಕಾನೂನು ತಿದ್ದುಪಡಿಯ ನಂತರ ಅರಣ್ಯದ ಹೊರಗೆ ಬೆಳೆದ ಬಿದಿರು ಕೇಂದ್ರದ ಅರಣ್ಯ ಕಾಯ್ದೆಯಲ್ಲಿ 'ಮರ' ಅಲ್ಲ. ಹೊಲದ ಬಿದಿರು ಬೆಳೆಯುವವರಿಗೆ ಅನುಕೂಲವಾಗಲೆಂದೇ ಈ ತಿದ್ದುಪಡಿ ತಂದದ್ದು.

ಊರಿಗೆ ಮರಳುವ ಮುಂಚೆ ಬುಟ್ಟಿ ಹೆಣೆಯುವವರ ಓಣಿಗೆ ತಪ್ಪದೆ ಹೋಗಿ. ಹನ್ನೆರಡನೇ ಶತಮಾನದಲ್ಲಿ ಬಸವಕಲ್ಯಾಣದ ಮೇದಾರ ಕೇತಯ್ಯ ಶರಣರು ಇದೇ ಕಾಯಕ ಮಾಡಿದವರು. ಮನೆ ಮುಂದೆ ಕೂತು ಬಿದಿರು ಸೀಳುತ್ತಿದ್ದ ಅವ್ವನ ಕೈಯಲ್ಲಿ ಮಚ್ಚು ಗಿಣ್ಣಿಗೆ ತಾಕುವಾಗ ಮಾತ್ರ 'ಟಪ್' ಅನ್ನುತ್ತಿತ್ತು, ಉಳಿದಂತೆ ಬೆಣ್ಣೆಯಲ್ಲಿ ಇಳಿದಂತೆ ಇಳಿಯುತ್ತಿತ್ತು. "ಎಳೀದು ತಂದ್ರ ನುಸಿ ಹಿಡಿತದ ನೋಡ್ರಿ ಅಣ್ಣ. ಮೂರು ವರ್ಸ ಆಗಿದ್ದೇ ಬೇಕು" ಎಂದಳು. ಬಿಳಿ ಹುಡಿ ಮೆತ್ತಿದ್ದರೆ ಅದು ಎಳೆಯದು, ಹುಡಿ ಹೋಗಿ ಮೈಮೇಲೆ ಕಲೆ ಬಿದ್ದಿದ್ದರೆ ಬಲಿತದ್ದು. ತೊಗರಿ ರಾಶಿಯ ಹೊತ್ತಿಗೆ ಮೊರ, ಬುಟ್ಟಿಗಳಿಗೆ ಗಿರಾಕಿ ಹೆಚ್ಚು, ಬಿದಿರು ಮಾತ್ರ ದೂರದಿಂದ ತರಿಸಬೇಕು ಎಂದು ಹೇಳಿಕೊಂಡಳು. ಕಾಕಾ ಅಲ್ಲೇ ಕೇಳಿದ: "ನಾ ಬೆಳದ್ರ ತಗೊಂತೀರೇನು?" "ಯಾಕ ಒಲ್ಲೆ ಅನ್ಲಿ?" ಎಂದಳು.

ನಾವು ಎರಡು ಮೊರ ಕೊಂಡೆವು. ನೀವೂ ಕೊಂಡರೆ ಹಾಗೇ ಬಳಸಬೇಡಿ. ನೆನೆಸಿದ ಮೆಂತ್ಯ ಅರೆದು, ನೆನೆದ ಕಾಗದದ ಚೂರು ಕಲಸಿ, ಸಂದುಗಳಿಗೆ ತುಂಬಿ ನೆರಳಲ್ಲಿ ಒಣಗಿಸಿ. ಆಮೇಲೆ ಹಿಟ್ಟು, ನುಚ್ಚು ಯಾವುದೂ ಸೋರುವುದಿಲ್ಲ.