ಹಟ್ಟಿಗೆ ತಲುಪದ 4.4 ವೋಲ್ಟ್

ಆಟಿ ತಿಂಗಳ ಮಳೆ ಹಿಡಿದು ಮೂರನೇ ದಿನ. ಗಾಳಿಗೆ ಎಲ್ಲೋ ಮರ ಬಿದ್ದು ಲೈನ್ ಕಡಿದಿತ್ತು, ಕೇರಳದ ಕಾಸರಗೋಡು ಜಿಲ್ಲೆಯ ನಮ್ಮ ಎಣ್ಮಕಜೆ ಕಡೆಯ ಮನೆಗಳಲ್ಲಿ ಕರೆಂಟೇ ಇರಲಿಲ್ಲ. ಹಟ್ಟಿಯಲ್ಲಿ ದನ ಇವತ್ತೋ ನಾಳೆಯೋ ಕರು ಹಾಕುವ ಹಾಗೆ ಇತ್ತು. ಅಪ್ಪ ಹಳೆ ಜೀಪಿನ 12 ವೋಲ್ಟ್ ಬ್ಯಾಟರಿಯನ್ನು ಜಗಲಿಯಲ್ಲಿಟ್ಟು, ಇಂಡಿಕೇಟರಿನ 21 ವ್ಯಾಟ್ ಬಲ್ಬನ್ನು ಹಟ್ಟಿಯ ಪಕ್ಕಾಸಿಗೆ ಕಟ್ಟಿ, ನಡುವೆ ಜೋಡಿ ತಂತಿ ಎಳೆದಿದ್ದರು. ಬಾವಿಕಟ್ಟೆ ಬಳಸಿಕೊಂಡು ಹೋಗುವ ಆ ತಂತಿ ಸುಮಾರು 35 ಮೀಟರ್ ಉದ್ದ.

ಬಲ್ಬು ಉರಿಯುತ್ತಿತ್ತು, ಆದರೆ ಕೆಂಡದ ಹಾಗೆ. ದನದ ಮುಖ ಕಾಣುತ್ತಿರಲಿಲ್ಲ.

ನಾನು ಆ ಶನಿವಾರ ಹಾಸ್ಟೆಲಿನಿಂದ ಮನೆಗೆ ಬಂದಿದ್ದೆ. ಚೀಲದಲ್ಲಿ ಲ್ಯಾಬಿಗೆಂದು ಕೊಂಡ ಹಳದಿ ಮಲ್ಟಿಮೀಟರ್ ಇತ್ತು. ಅದರ ಜೊತೆಗೆ, ಇಪ್ಪತ್ತರಲ್ಲಿ ಆರು ಅಂಕ ಬಂದ ಟೆಸ್ಟ್ ಪೇಪರೂ ಇತ್ತು. ಅದನ್ನು ಮನೆಯಲ್ಲಿ ತೋರಿಸಿರಲಿಲ್ಲ.

ಹತ್ತನೆಯ ತನಕ ನಾನು ಕಲಿತದ್ದು ಕನ್ನಡ ಮಾಧ್ಯಮದಲ್ಲಿ. ವಿದ್ಯುತ್ ಪ್ರವಾಹ, ವಿಭವಾಂತರ (ಅಂದರೆ ವೋಲ್ಟೇಜು), ರೋಧ (ಕರೆಂಟಿಗೆ ಒಡ್ಡುವ ತಡೆ) ಎಲ್ಲ ಬಾಯಿಪಾಠ ಇತ್ತು. ಚಂದ್ರಗಿರಿ ಹೊಳೆ ದಾಟಿ ಪಾಲಿಟೆಕ್ನಿಕ್ ಸೇರಿದ ಮೇಲೆ ಬೋರ್ಡಿನ ಮೇಲೆ ಇಂಗ್ಲಿಷ್, ವಿವರಣೆ ಮಲಯಾಳದಲ್ಲಿ. ಪೊಟೆನ್ಶಿಯಲ್ ಡಿಫರೆನ್ಸ್ ಅಂದರೆ ನಮ್ಮ ವಿಭವಾಂತರವೇ ಎಂದು ತಿಳಿಯುವುದಕ್ಕೇ ನನಗೆ ಎರಡು ವಾರ ಬೇಕಾಯಿತು. ಅಷ್ಟರಲ್ಲಿ ಕ್ಲಾಸು ಕಿರ್ಚಾಫ್ ನಿಯಮಗಳಿಗೆ ಬಂದಾಗಿತ್ತು.

ಮೊದಲನೆಯ ನಿಯಮ ನನಗೆ ಕಷ್ಟವಾಗಲಿಲ್ಲ. ಒಂದು ಸಂಧಿಗೆ ಎಷ್ಟು ಕರೆಂಟು ಬರುತ್ತದೋ ಅಷ್ಟೇ ಹೊರಗೆ ಹೋಗಬೇಕು. ಗುಡ್ಡ ಕೊರೆದು ಮಾಡಿದ ಸುರಂಗದ ನೀರು ಅಡಿಕೆ ಮರದ ದಂಬೆಯಲ್ಲಿ ಇಳಿದು ತೋಟದಲ್ಲಿ ಎರಡು ಕಣಿಗೆ ಒಡೆಯುವುದನ್ನು ನೋಡಿ ಬೆಳೆದವನು ನಾನು. ಎರಡು ಕಣಿಯ ನೀರು ಕೂಡಿಸಿದರೆ ದಂಬೆಯ ನೀರು. ಹೋಲಿಕೆ ಕೊನೆಯ ತನಕ ನಿಲ್ಲುವುದಿಲ್ಲ ಎಂಬುದೂ ನಿಜ: ದಂಬೆ ಒಡೆದರೆ ನೀರು ಹೊರಗೆ ಚೆಲ್ಲುತ್ತದೆ, ತಂತಿ ಕಡಿದರೆ ಕರೆಂಟು ನಿಂತೇ ಹೋಗುತ್ತದೆ.

ನಾನು ಎಡವಿದ್ದು ಎರಡನೆಯದರಲ್ಲಿ. ಸರ್ಕ್ಯೂಟಿನಲ್ಲಿ ಯಾವ ಸುತ್ತು ಹಾಕಿ ಹೊರಟಲ್ಲಿಗೇ ಬಂದರೂ, ದಾರಿಯಲ್ಲಿ ಏರಿದ ಮತ್ತು ಇಳಿದ ವೋಲ್ಟೇಜುಗಳ ಒಟ್ಟು ಮೊತ್ತ ಸೊನ್ನೆ. ವಾಕ್ಯ ಬರೆದುಕೊಂಡಿದ್ದೆ, ಲೆಕ್ಕವನ್ನೂ ಮಾಡುತ್ತಿದ್ದೆ, ಆದರೆ ಆ ಇಳಿಯುವುದು ಅಂದರೆ ಏನು, ಎಲ್ಲಿ ಇಳಿಯುತ್ತದೆ ಎಂದು ಒಳಗೆ ಹೊಕ್ಕಿರಲಿಲ್ಲ. ಟೆಸ್ಟಿನಲ್ಲಿ ಕೊಟ್ಟ ಲೆಕ್ಕ ಈಗಲೂ ನೆನಪುಂಟು. ಎಡಗಡೆ 12 ವೋಲ್ಟಿನ ಬ್ಯಾಟರಿ, ಅದರ ಜೊತೆ 2 ಓಂ ರೋಧ. ಬಲಗಡೆ 6 ವೋಲ್ಟಿನ ಬ್ಯಾಟರಿ, 1 ಓಂ. ನಡುವೆ ಎರಡಕ್ಕೂ ಸೇರಿ 6 ಓಂ. ಸಮೀಕರಣ ಸರಿಯಾಗಿಯೇ ಬಿಡಿಸಿದ್ದೆ. ಬಲಗಡೆಯ ಕರೆಂಟು ಮೈನಸ್ 1.2 ಆಂಪಿಯರ್ ಎಂದು ಬಂತು. ಕರೆಂಟು ಮೈನಸ್ ಆಗುವುದುಂಟೇ ಎಂದು ಹೆದರಿ ಆ ಗೆರೆಯನ್ನು ಹೊಡೆದು ಹಾಕಿದೆ. ಆಮೇಲೆ ಮುಂದಿನ ಯಾವುದೂ ತಾಳೆಯಾಗಲಿಲ್ಲ.

ಹಟ್ಟಿಯ ವಿಷಯಕ್ಕೆ ಬರುತ್ತೇನೆ. ಸಂಜೆ ಪಕ್ಕದ ಮನೆಯ ವಯರಿಂಗ್ ಕೆಲಸದ ಅಣ್ಣ ಕೊಡೆ ಹಿಡಿದುಕೊಂಡು ಬಂದರು. ಬಲ್ಬು ಕಳಚಿ, ಹೋಲ್ಡರಿಗೆ ನನ್ನ ಮೀಟರ್ ಹಿಡಿದರು. 12.5 ತೋರಿಸಿತು.

"ವೋಲ್ಟೇಜ್ ಪೂರ್ತಿ ಉಂಟು ಮಾರಾಯ. ಬಲ್ಬೇ ಹಾಳು."

ಬೇರೆ ಬಲ್ಬು ಹಾಕಿದೆವು. ಅದೂ ಕೆಂಡವೇ. ಅಪ್ಪ ಮೊದಲಿನ ಬಲ್ಬನ್ನು ಜಗಲಿಗೆ ತಂದು ಬ್ಯಾಟರಿಗೇ ತಾಗಿಸಿದರು. ಕಣ್ಣು ಕೋರೈಸುವ ಬೆಳಕು.

"ಇಲ್ಲಿ ಉರಿಯುವ ಬಲ್ಬು ಅಲ್ಲಿ ಯಾಕೆ ಉರಿಯುವುದಿಲ್ಲ? ಅಲ್ಲಿಯೂ ಅಷ್ಟೇ ವೋಲ್ಟ್ ಉಂಟಲ್ಲ?" ಎಂದು ಅಮ್ಮ ಕೇಳಿದರು.

ಅಣ್ಣನಿಗೆ ಬೇರೆ ಮನೆಗೂ ಹೋಗಲಿಕ್ಕಿತ್ತು, ಅವರು ಹೊರಟರು. ಅಮ್ಮನ ಪ್ರಶ್ನೆ ನನ್ನಲ್ಲಿ ಉಳಿಯಿತು. ಇದು ಕ್ಲಾಸಿನಲ್ಲಿ ಯಾರೂ ಹೀಗೆ ಕೇಳದ ಪ್ರಶ್ನೆ, ಮತ್ತು ಕೇಳಬೇಕಾಗಿದ್ದ ಪ್ರಶ್ನೆ.

ಒಂದು ವಿಷಯ ಹೊಳೆಯಿತು. ಅಣ್ಣ ನೋಡಿದ್ದು ಬಲ್ಬು ಇಲ್ಲದಾಗ. ನಾನು ಬಲ್ಬು ಹಾಕಿ, ಅದು ಉರಿಯುತ್ತಿರುವಾಗಲೇ ಅದರ ಎರಡು ತುದಿಗೆ ಮೀಟರ್ ಹಿಡಿದೆ. 7.9. ಓಡಿ ಬಂದು ಜಗಲಿಯಲ್ಲಿ ಬ್ಯಾಟರಿಗೆ ಹಿಡಿದೆ. 12.3. ಬ್ಯಾಟರಿಯಿಂದ ಹೊರಟ 4.4 ವೋಲ್ಟ್ ಹಟ್ಟಿಗೆ ತಲುಪುತ್ತಲೇ ಇಲ್ಲ. ಬಲ್ಬು ತೆಗೆದ ಕೂಡಲೇ ಅಷ್ಟೂ ವಾಪಸು ಬರುತ್ತದೆ.

ಹಾಗಾದರೆ ಅದು ದಾರಿಯಲ್ಲಿ ಎಲ್ಲಿಯೋ ಇರಬೇಕು. ದಾರಿಯನ್ನೇ ಅಳೆಯಬೇಕು. ಆದರೆ ತಂತಿಯ ಒಂದು ತುದಿ ಜಗಲಿಯಲ್ಲಿ, ಇನ್ನೊಂದು ಹಟ್ಟಿಯಲ್ಲಿ. ಮೀಟರಿನ ವಯರ್ ಒಂದು ಮೊಳಕ್ಕಿಂತ ಒಂದು ಗೇಣು ಹೆಚ್ಚು, ಅಷ್ಟೇ. ಅಟ್ಟದಲ್ಲಿ ಹಳೆ ಲ್ಯಾಂಡ್‌ಲೈನ್ ಫೋನಿನ ತಂತಿ ಸುತ್ತಿಟ್ಟದ್ದು ನೆನಪಾಯಿತು. ಕೂದಲೆಳೆಯ ಹಾಗಿನ ಸಪೂರ ತಂತಿ. ಇಷ್ಟು ಸಪೂರದ್ದನ್ನು ಮೀಟರಿಗೆ ಸೇರಿಸಿದರೆ ಅದರಲ್ಲಿಯೇ ವೋಲ್ಟ್ ಕಳೆದುಹೋಗಿ ಲೆಕ್ಕ ತಪ್ಪುವುದಿಲ್ಲವೇ ಎಂದು ಅದನ್ನು ಕೈಯಲ್ಲಿ ಹಿಡಿದು ನಿಂತೆ. ಓಮನ ನಿಯಮದ ಅರ್ಥ ನನಗೆ ಆದದ್ದು ಆಗ, ಅಟ್ಟದ ಏಣಿಯ ಮೇಲೆ. ತಂತಿಯಲ್ಲಿ ಇಳಿಯುವ ವೋಲ್ಟ್ ಎಂದರೆ ಕರೆಂಟು ಗುಣಿಸು ರೋಧ. ಅಗ್ಗದ ಡಿಜಿಟಲ್ ಮೀಟರಿನ ಒಳರೋಧವೂ ಹತ್ತು ಲಕ್ಷ ಓಮಿನ ಲೆಕ್ಕದಲ್ಲಿರುತ್ತದೆ. ಅದು ಎಳೆಯುವ ಕರೆಂಟು ಒಂದು ಆಂಪಿಯರಿನ ಲಕ್ಷದಲ್ಲಿ ಒಂದೆರಡು ಪಾಲು. ಅಷ್ಟು ಅಲ್ಪ ಕರೆಂಟಿಗೆ ಸಪೂರ ತಂತಿಯಲ್ಲಿ ಇಳಿಯುವುದು ಇಲ್ಲವೆಂಬಷ್ಟು. ಅಣ್ಣನಿಗೆ 12.5 ಕಂಡದ್ದೂ ಇದೇ ಕಾರಣಕ್ಕೆ. ರೋಧ ತಂತಿಯಲ್ಲಿ ಯಾವಾಗಲೂ ಕೂತಿರುತ್ತದೆ, ಆದರೆ ಕರೆಂಟು ಹರಿಯುವ ತನಕ ಒಂದು ವೋಲ್ಟನ್ನೂ ಮುಟ್ಟುವುದಿಲ್ಲ.

ಜಾರ್ಜ್ ಸೈಮನ್ ಓಮ್ ಇದನ್ನು ಪುಸ್ತಕವಾಗಿ ಪ್ರಕಟಿಸಿದ್ದು 1827ರಲ್ಲಿ. ಗುಸ್ತಾವ್ ಕಿರ್ಚಾಫ್ ತನ್ನ ನಿಯಮಗಳನ್ನು ಬರೆದದ್ದು 1845ರಲ್ಲಿ, ಕೋನಿಗ್ಸ್‌ಬರ್ಗಿನಲ್ಲಿ ಇನ್ನೂ ವಿದ್ಯಾರ್ಥಿಯಾಗಿದ್ದಾಗ. ಅವನಿಗಾಗ 21 ವರ್ಷ, ನನಗಿಂತ ಕೆಲವೇ ವರ್ಷ ದೊಡ್ಡವ. ಇದು ತಿಳಿದ ದಿನದಿಂದ ಆ ಹೆಸರು ನನಗೆ ದೂರದ್ದಾಗಿ ಉಳಿದಿಲ್ಲ.

ಅಮ್ಮ ಕೊಡೆ ಮತ್ತು ಟಾರ್ಚ್ ಹಿಡಿದರು, ಅಪ್ಪ ಜಗಲಿಯಲ್ಲಿ ಫೋನ್ ತಂತಿಯ ತುದಿಯನ್ನು ಬ್ಯಾಟರಿಯ ಪ್ಲಸ್ಸಿಗೆ ಒತ್ತಿ ಕೂತರು. ಹಟ್ಟಿಯಲ್ಲಿ ಬಲ್ಬಿನ ಪ್ಲಸ್ ತುದಿಗೂ ಫೋನ್ ತಂತಿಗೂ ನಡುವೆ ಮೀಟರ್ ಹಿಡಿದೆ: 1.2. "ಈಗ ಮೈನಸ್ಸಿಗೆ ಹಿಡೀರಿ ಅಪ್ಪಾ" ಎಂದು ಕೂಗಿದೆ. 3.2.

ಟೆಸ್ಟ್ ಪೇಪರಿನ ಹಿಂಬದಿಯಲ್ಲೇ ಬರೆದೆ. 1.2, 7.9, 3.2. ಕೂಡಿಸಿದೆ. 12.3.

ಮಳೆ ಹೊಯ್ಯುತ್ತಿತ್ತು, ಪೇಪರಿನ ಅಂಚು ಒದ್ದೆಯಾಗುತ್ತಿತ್ತು, ನಾನು ಇನ್ನೊಮ್ಮೆ ಕೂಡಿಸಿದೆ. ಮನೆಯಂಗಳದಿಂದ ಹೊರಟು ಗುಡ್ಡ ಹತ್ತಿ ಶಾಲೆಗೆ ಹೋಗಿ, ಬೇರೆ ದಾರಿಯಲ್ಲಿ ಕಣಿವೆಗಿಳಿದು, ಕೊನೆಗೆ ಅಂಗಳಕ್ಕೇ ಬಂದರೆ ಹತ್ತಿದ್ದೂ ಇಳಿದದ್ದೂ ಸಮವಾಗಲೇಬೇಕು. ಬ್ಯಾಟರಿ ಒಂದೇ ಹೆಜ್ಜೆಗೆ 12.3 ಹತ್ತಿಸುತ್ತದೆ, ಒಂದು ತಂತಿಯಲ್ಲಿ ಸ್ವಲ್ಪ, ಬಲ್ಬಿನಲ್ಲಿ ಬಹಳ, ಇನ್ನೊಂದು ತಂತಿಯಲ್ಲಿ ಉಳಿದದ್ದು ಇಳಿದು, ಬ್ಯಾಟರಿಯ ಬುಡಕ್ಕೆ ಬಂದಾಗ ಏನೂ ಬಾಕಿ ಇರುವುದಿಲ್ಲ. ಪುಸ್ತಕದ ವಾಕ್ಯ ನಮ್ಮ ಅಂಗಳದಲ್ಲಿ, ನಮ್ಮದೇ ತಂತಿಯಲ್ಲಿ, ದಶಾಂಶದ ತನಕ ಸರಿ ಬಂದದ್ದನ್ನು ನೋಡಿ ನನಗೆ ಮೈ ಜುಮ್ಮೆಂದಿತು.

ಆದರೆ ಎರಡೂ ಒಂದೇ ತಂತಿಯ ಎಳೆಗಳು, ಉದ್ದ ಒಂದೇ, ಹರಿಯುವ ಕರೆಂಟೂ ಒಂದೇ. ಒಂದರಲ್ಲಿ 1.2 ಇಳಿದರೆ ಇನ್ನೊಂದರಲ್ಲಿ 3.2 ಯಾಕೆ? ಮೈನಸ್ ಎಳೆಯಲ್ಲಿ 2 ವೋಲ್ಟ್ ತಿನ್ನುವ ಇನ್ನೇನೋ ಇರಬೇಕು.

"ಬಾವಿಕಟ್ಟೆಯ ಹತ್ತಿರ ಒಂದು ಗಂಟು ಉಂಟು ನೋಡು" ಎಂದರು ಅಪ್ಪ. ಹಿಂದೊಮ್ಮೆ ಹುಲ್ಲು ಕೊಯ್ಯುವಾಗ ಕತ್ತಿ ತಾಗಿ ಒಂದು ಎಳೆ ತುಂಡಾಗಿತ್ತಂತೆ, ತಿರುಚಿ ಟೇಪು ಸುತ್ತಿದ್ದರಂತೆ. ಗಂಟಿನ ಆಚೆ ಈಚೆ ಮೀಟರಿನ ಮೊನೆ ಚುಚ್ಚಿದೆ. ಸರಿಯಾಗಿ 2.0. ಆ ಮಳೆಯಲ್ಲೂ ಗಂಟು ಬೆರಳಿಗೆ ಬೆಚ್ಚಗಿತ್ತು. ಸುತ್ತಿನಲ್ಲಿ ಹರಿಯುತ್ತಿದ್ದದ್ದು 1.4 ಆಂಪಿಯರ್, ಹಾಗಾದರೆ ಅಷ್ಟು ಸಣ್ಣ ಗಂಟಿನಲ್ಲಿ 2.8 ವ್ಯಾಟ್ ಬರೀ ಬಿಸಿಯಾಗಿ ಹೋಗುತ್ತಿತ್ತು. ಟೇಪು ಬಿಚ್ಚಿದೆ. ಒಳಗೆ ನೀರು ಕೂತು ತಾಮ್ರಕ್ಕೆ ಹಸಿರು ಕಿಲುಬು ಹಿಡಿದಿತ್ತು. ಒಳಗಿನ ಸಣ್ಣ ತಾಮ್ರದ ಎಳೆಗಳಲ್ಲಿ ಅರ್ಧಕ್ಕರ್ಧ ಮುಟ್ಟಿದರೆ ಪುಡಿಯಾಗುತ್ತಿದ್ದವು.

ಬ್ಯಾಟರಿಯಿಂದ ತಂತಿ ಬಿಡಿಸಿ, ಕಿಲುಬಿನ ಭಾಗ ಕತ್ತರಿಸಿ, ಹೊಸ ತಾಮ್ರ ಕಾಣುವ ತನಕ ಕೆರೆದು, ಬಿಗಿಯಾಗಿ ತಿರುಚಿ ಟೇಪು ಸುತ್ತಿದೆ. ಬಲ್ಬಿಗೆ 9.6 ವೋಲ್ಟ್ ಬಂತು. ಒಳಗಿನ ತಂತಿ ಕಾದು ಉರಿಯುವ ಇಂಥ ಬಲ್ಬಿನಲ್ಲಿ ವೋಲ್ಟ್ ಸ್ವಲ್ಪ ಕಡಿಮೆಯಾದರೂ ಬೆಳಕು ಬಹಳ ಇಳಿಯುತ್ತದೆ, ಸ್ವಲ್ಪ ಏರಿದರೆ ಹಾಗೆಯೇ ಬಹಳ ಏರುತ್ತದೆ. ಹಟ್ಟಿಯ ಮೂಲೆಯ ಹುಲ್ಲಿನ ಸೂಡಿ ಕಂಡಿತು, ದನದ ಕಣ್ಣು ಕಂಡಿತು. ಅಮ್ಮ ಅಲ್ಲಿಯೇ ಮಣೆ ಹಾಕಿ ಕೂತರು. ಬೆಳಗಿನ ಜಾವ ಕರು ಹುಟ್ಟಿತು, ಹೆಣ್ಣು ಕರು.

ನನಗೆ ನಿದ್ದೆ ಬಂದಿರಲಿಲ್ಲ. ಚಿಮಣಿ ದೀಪದ ಎದುರು ಟೆಸ್ಟಿನ ಲೆಕ್ಕವನ್ನು ಮೊದಲಿಂದ ಮಾಡಿದೆ. ನಡುವಿನ ಸಂಧಿಯಲ್ಲಿ 7.2 ವೋಲ್ಟ್. ಎಡಗಡೆಯಿಂದ 2.4 ಆಂಪಿಯರ್ ಬರುತ್ತದೆ, ನಡುವಿನ 6 ಓಮಿನಲ್ಲಿ 1.2 ಆಂಪಿಯರ್ ಹರಿದು ಹೋಗುತ್ತದೆ, ಉಳಿದ 1.2 ಬಲಗಡೆಗೇ ಹೋಗಬೇಕು. 6 ವೋಲ್ಟಿನ ಬ್ಯಾಟರಿಯ ಎದುರು 7.2 ನಿಂತಿರುವಾಗ ಅದರಿಂದ ಕರೆಂಟು ಹೊರಗೆ ಬರುವುದಾದರೂ ಹೇಗೆ? ಒಳಗೇ ಹೋಗುತ್ತದೆ. ಆ ಬ್ಯಾಟರಿ ಚಾರ್ಜ್ ಆಗುತ್ತಿದೆ. ನಾನು ಹೆದರಿ ಹೊಡೆದು ಹಾಕಿದ ಮೈನಸ್ ಹೇಳುತ್ತಿದ್ದದ್ದು ಅಷ್ಟೇ: ನೀನು ಬಾಣ ಗುರುತು ಹಾಕಿದ್ದು ಈ ಕಡೆಗೆ, ಕರೆಂಟು ಹೋಗುವುದು ಆ ಕಡೆಗೆ. ಊಹೆಯ ದಿಕ್ಕು ತಪ್ಪಾದರೂ ಉತ್ತರ ತಪ್ಪಾಗುವುದಿಲ್ಲ, ಚಿಹ್ನೆಯೇ ನಿಜ ತಿಳಿಸುತ್ತದೆ. ಇಷ್ಟು ದಯೆಯುಳ್ಳ ಲೆಕ್ಕವನ್ನು ನಾನು ಅಲ್ಲಿಯ ತನಕ ಕಂಡಿರಲಿಲ್ಲ. ಬೆಳಿಗ್ಗೆ ಆರು ಅಂಕದ ಪೇಪರನ್ನು ಅಪ್ಪನಿಗೆ ಕೊಟ್ಟೆ. ಅವರು ಅಂಕ ನೋಡಿದರು, ತಿರುಗಿಸಿ ಹಿಂಬದಿಯನ್ನೂ ನೋಡಿದರು, ಏನೂ ಹೇಳಲಿಲ್ಲ.

ಮುಂದಿನ ವಾರ ಪೆರ್ಲದ ಪೇಟೆಯಿಂದ ಅಪ್ಪ ಅಂಥದ್ದೇ ಇನ್ನೊಂದು ಸುರುಳಿ ತಂತಿ ತಂದಿಟ್ಟಿದ್ದರು. ಹಳೆಯದರ ಜೊತೆಗೇ ಎಳೆದು, ಎರಡು ತುದಿಯಲ್ಲೂ ಪ್ಲಸ್ಸಿಗೆ ಪ್ಲಸ್, ಮೈನಸ್ಸಿಗೆ ಮೈನಸ್ ಸೇರಿಸಿದೆವು. ಸಮಾಂತರ ಜೋಡಣೆ, ದಾರಿಯ ರೋಧ ಅರ್ಧ. ನಾನು ಹಟ್ಟಿಯಲ್ಲಿ ಮೀಟರ್ ಹಿಡಿದೆ, ಅಪ್ಪ ಹತ್ತಿರ ಬಂದು ನಿಂತರು.

"ಎಷ್ಟು?"

"10.9."

"ಉಳಿದದ್ದು?"

"ತಂತಿಯಲ್ಲಿ ಉಂಟು ಅಪ್ಪಾ. 1.4."

ಅಪ್ಪ ಬೆರಳು ಮಡಚಿ ಕೂಡಿಸಿದರು. "ಹನ್ನೆರಡು ಪಾಯಿಂಟ್ ಮೂರು. ಸರಿ ಉಂಟು" ಎಂದರು.